ಯೂನಿಟ್ ಎಂಬ ಅಳತೆ

ಶಿವಮೊಗ್ಗೆಯ ಮನೆಗಳಿಗೆ ಬರುವ ವಿದ್ಯುತ್ ಬಿಲ್ಲಿನಲ್ಲಿ ಯೂನಿಟ್ ಎಂಬ ಮಾತನ್ನು ನಾವೆಲ್ಲರೂ ಓದುತ್ತೇವೆ. ಅದರ ತೂಕವನ್ನು ಅರಿತವರು ವಿರಳ. ಸಾವಿರ ವಾಟಿನ ಉಪಕರಣವು ಒಂದು ಗಂಟೆ ದುಡಿದರೆ ಒಂದು ಯೂನಿಟ್. ವಿಜ್ಞಾನದ ಲೆಕ್ಕದಲ್ಲಿ ಅದು 36 ಲಕ್ಷ ಜೌಲ್. ಆಹಾರದ ಲೆಕ್ಕದಲ್ಲಿ ಸುಮಾರು 860 ಕಿಲೊಕ್ಯಾಲೊರಿ. ಹೆಸರು ಮೂರಾದರೂ ಶಕ್ತಿ ಒಂದೇ.

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು 1923ರಲ್ಲಿ ಮಲೆನಾಡಿನ ಮರಗಳ ಇದ್ದಿಲಿನಿಂದ ಕುಲುಮೆ ಹೊತ್ತಿಸಿತು. ಒಂದು ಕಿಲೋ ಇದ್ದಿಲಿನ ಶಾಖವು ಸುಮಾರು 8 ಯೂನಿಟ್ಟಿಗೆ ಸಮ. ಮುಂದೆ ಅಲ್ಲಿಗೆ ಜೋಗದ ವಿದ್ಯುತ್ತಿನ ಕುಲುಮೆಗಳೂ ಬಂದವು. ನೀರಿನ ಶಕ್ತಿಯಾದರೂ ಅಗ್ಗವೇ? ಜೋಗದ 253 ಮೀಟರ್ ಎತ್ತರದಿಂದ ಸುಮಾರು 1,450 ಲೀಟರ್ ನೀರು ಧುಮುಕಿದಾಗ ಒಂದು ಯೂನಿಟ್ಟಿನಷ್ಟು ಶಕ್ತಿ.

ಎರಡು ಸಾವಿರ ವಾಟಿನ ಗೀಸರ್ ಅದನ್ನು ಅರ್ಧ ಗಂಟೆಯಲ್ಲಿ ತೀರಿಸುತ್ತದೆ. ಸ್ವಿಚ್ಚನ್ನು ಆರಿಸುವಾಗ ಮಕ್ಕಳಿಗೆ ಈ ಲೆಕ್ಕವನ್ನೂ ಹೇಳಿಕೊಡಬೇಕೆಂದು ನಮ್ಮ ವಿನಂತಿ.