ಬಿಳಿ ಬೋರ್ಡಿನ ವಿಮಾನ ಹತ್ತುವ ಮುನ್ನ



ಬಿಳಿ ಬೋರ್ಡಿನ ಕಾರನ್ನು ಬಾಡಿಗೆಗೆ ಓಡಿಸಿದರೆ ಆರ್‌ಟಿಓ ಹಿಡಿಯುತ್ತದೆ. ಬಾಡಿಗೆಗೆ ಹಳದಿ ಬೋರ್ಡು, ಪರ್ಮಿಟ್ಟು, ವಿಮೆ ಬೇಕೆಂಬುದು ಬೆಂಗಳೂರಿನ ಪ್ರತಿ ಚಾಲಕನಿಗೂ ಗೊತ್ತು. ಆದರೆ ಆಕಾಶದಲ್ಲೂ ಬಿಳಿ ಬೋರ್ಡಿನ ದಂಧೆ ಇದೆ ಎಂಬುದು ಎಷ್ಟು ಜನಕ್ಕೆ ಗೊತ್ತು?

ಫುಟ್‌ಬಾಲ್ ನೋಡುವ ಹುಡುಗರಿಗೆ ಎಮಿಲಿಯಾನೊ ಸಲಾ ನೆನಪಿರಬೇಕು. ಅರ್ಜೆಂಟೀನಾದ ಈ 28ರ ಆಟಗಾರನನ್ನು 2019ರ ಜನವರಿಯಲ್ಲಿ ವೇಲ್ಸ್‌ನ ಕಾರ್ಡಿಫ್ ಸಿಟಿ ಕ್ಲಬ್ಬು 1.5 ಕೋಟಿ ಪೌಂಡಿಗೆ ಕೊಂಡಿತು. ಜನವರಿ 21ರ ರಾತ್ರಿ ಫ್ರಾನ್ಸಿನ ನಾಂಟ್‌ನಿಂದ ಕಾರ್ಡಿಫ್‌ಗೆ ಅವನು ಹೊರಟಿದ್ದು ಒಂದೇ ಎಂಜಿನ್ನಿನ ಪುಟ್ಟ ವಿಮಾನದಲ್ಲಿ. ವಿಮಾನ ಕಳಚಿ ಬೀಳುವಂತಿದೆ ಎಂದು ಗೆಳೆಯರಿಗೆ ಧ್ವನಿ ಸಂದೇಶ ಕಳಿಸಿದ. ಅದು ಇಂಗ್ಲಿಷ್ ಕಡಲ್ಗಾಲುವೆಗೆ ಬಿತ್ತು. ಪೈಲಟ್‌ನ ಶವವೂ ಸಿಗಲಿಲ್ಲ.

ತನಿಖೆ ನಡೆದಾಗ ಬಂಡವಾಳ ಬಯಲಾಯಿತು. ಬಾಡಿಗೆ ಪ್ರಯಾಣಿಕರನ್ನು ಒಯ್ಯಲು ವಿಮಾನಕ್ಕೂ ಪರವಾನಗಿ ಇರಲಿಲ್ಲ, ಪೈಲಟ್‌ಗೂ ಇರಲಿಲ್ಲ. ರಾತ್ರಿ ಹಾರಿಸುವ ಅರ್ಹತೆಯೂ ಅವನಿಗಿರಲಿಲ್ಲ. ಅವನ ಕೈಗೆ ಮತ್ತೆ ವಿಮಾನ ಕೊಡಬೇಡಿ ಎಂದು ಒಡತಿ ಮೊದಲೇ ಹೇಳಿದ್ದರು. ಆದರೂ ಸಂಘಟಕ ಅವನನ್ನೇ ಕಳಿಸಿದ. 2021ರ ನವೆಂಬರ್‌ನಲ್ಲಿ ಕಾರ್ಡಿಫ್ ನ್ಯಾಯಾಲಯ ಆ ಸಂಘಟಕನಿಗೆ 18 ತಿಂಗಳ ಜೈಲು ಕೊಟ್ಟಿತು. ಕೋಟಿ ಕೋಟಿ ಬೆಲೆಯ ಕಾಲುಗಳಿಗೆ ಒಂದು ಸರಿಯಾದ ಪರ್ಮಿಟ್ಟು ಸಿಗಲಿಲ್ಲ!

ಅದು ಅಲ್ಲಿಯ ಕಥೆ ಎಂದು ಸುಮ್ಮನಿರಬೇಡಿ. ನಮ್ಮಲ್ಲಿ ಮದುವೆಗೆ ಹೆಲಿಕಾಪ್ಟರ್, ಚುನಾವಣೆಗೆ ಹೆಲಿಕಾಪ್ಟರ್, ಹೂ ಸುರಿಸಲೂ ಹೆಲಿಕಾಪ್ಟರ್. ಖಾಸಗಿ ಬಳಕೆಗೆಂದು ನೋಂದಾಯಿಸಿದ ವಿಮಾನವನ್ನು ಬಾಡಿಗೆಗೆ ಬಿಡುವಂತಿಲ್ಲ. ಬಾಡಿಗೆ ಹಾರಾಟಕ್ಕೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ, ಅಂದರೆ ಡಿಜಿಸಿಎಯ, ನಾನ್ ಶೆಡ್ಯೂಲ್ಡ್ ಆಪರೇಟರ್ ಪರ್ಮಿಟ್ ಬೇಕು. ಅಪಾಯ ತರುವಂತೆ ವಿಮಾನ ಹಾರಿಸಿದರೆ, ಡಿಜಿಸಿಎ ಆದೇಶ ಮೀರಿದರೆ ಎರಡು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ, ಅಥವಾ ಎರಡೂ. ಅಪಘಾತವಾದರೆ ಹಾರಾಟವೇ ಅಕ್ರಮ ಎಂದು ವಿಮೆ ಕಂಪನಿ ಕೈ ಎತ್ತಬಹುದು. ಆಗ ಅಳುವವರು ಮನೆಯವರು.

ಇಷ್ಟನ್ನೆಲ್ಲ ಹೇಳುವ ಕಾನೂನಿನ ಹೆಸರೇನು ಗೊತ್ತೇ? 'ಭಾರತೀಯ ವಾಯುಯಾನ ಅಧಿನಿಯಮ್'. 1934ರ ಏರ್‌ಕ್ರಾಫ್ಟ್ ಆಕ್ಟ್ ತೆಗೆದು 2025ರ ಜನವರಿ 1ರಿಂದ ಇದನ್ನು ಜಾರಿಗೆ ತಂದರು. ಹೆಸರು ಹಿಂದಿ, ಒಳಗಿನ ನಿಯಮ ಇಂಗ್ಲಿಷ್. ದುಡ್ಡು ಕೊಟ್ಟು ಹತ್ತುವ ಕನ್ನಡಿಗನಿಗೆ ಕನ್ನಡದಲ್ಲಿ ಒಂದು ಸಾಲಿಲ್ಲ. ಓದಲಾಗದ ಕಾನೂನು ಯಾರನ್ನು ಕಾಪಾಡೀತು?

ನಾನು ಪ್ರೆಸ್ಸಿನವನು. ಚುನಾವಣೆಯ ಒಂದು ಕರಪತ್ರದ ಅಡಿ ಮುದ್ರಕನ ಹೆಸರು, ವಿಳಾಸ ಬಿಟ್ಟರೆ ನನಗೆ ಆರು ತಿಂಗಳವರೆಗೆ ಜೈಲಾಗಬಹುದು. ಕಾಗದದ ಚೂರಿಗೇ ಹೊಣೆಗಾರ ಬೇಕಾದರೆ, ಜೀವ ಹೊತ್ತು ಹಾರುವ ಯಂತ್ರಕ್ಕೆ ಬೇಡವೇ?

ನಮ್ಮ ಒತ್ತಾಯ ಇಷ್ಟೇ. ಜಕ್ಕೂರಿರಲಿ, ಎಚ್‌ಎಎಲ್ ಇರಲಿ, ಜಾತ್ರೆ ಮೈದಾನವಿರಲಿ, ಬಾಡಿಗೆ ಹಾರಾಟ ನಡೆಯುವ ಕಡೆಯೆಲ್ಲ ಪರ್ಮಿಟ್ ಸಂಖ್ಯೆ, ಅದರ ಅವಧಿ, ವಿಮೆಯ ವಿವರ ಕನ್ನಡದ ಬೋರ್ಡಿನಲ್ಲಿ ಎದ್ದು ಕಾಣಬೇಕು. ರಸೀದಿಯೂ ಕನ್ನಡದಲ್ಲಿರಬೇಕು.

ಅಲ್ಲಿಯವರೆಗೆ ಹುಡುಗರೇ, ಹತ್ತುವ ಮುನ್ನ ಪರ್ಮಿಟ್ ಕೇಳಿ. ಕನ್ನಡದಲ್ಲೇ ಕೇಳಿ. ತೋರಿಸದಿದ್ದರೆ ನೆಲದ ಮೇಲೇ ಉಳಿಯಿರಿ.