ಗೆರಸೆ ನಮ್ಮ ಮಡಿಲಲ್ಲಿ, ಲೆಕ್ಕ ಯಾರ ಕೈಯಲ್ಲಿ?



ನಾನು ಹುಟ್ಟಿದ್ದು ದಕ್ಷಿಣ ಕನ್ನಡದ ಒಂದು ಬೀಡಿ ಕಟ್ಟುವ ಮನೆಯಲ್ಲಿ. ಅಮ್ಮನ ಮಡಿಲಲ್ಲಿ ಮಕ್ಕಳಿಗಿಂತ ಹೆಚ್ಚು ಹೊತ್ತು ಗೆರಸೆಯೇ ಇರುತ್ತಿತ್ತು. ಶಾಲೆಯಿಂದ ಬಂದವಳೇ ನಾನೂ ಎಲೆ ಕತ್ತರಿಸಲು ಕೂರುತ್ತಿದ್ದೆ. ಕಟ್ಟಿದ ಬೀಡಿಯನ್ನು ಬ್ರಾಂಚಿಗೆ ಕೊಂಡೊಯ್ದರೆ ಅಲ್ಲಿ ಒಂದಷ್ಟನ್ನು ‘ಸರಿಯಿಲ್ಲ’ ಎಂದು ತೆಗೆದುಹಾಕುತ್ತಿದ್ದರು. ತೆಗೆದದ್ದಕ್ಕೆ ಕೂಲಿ ಇಲ್ಲ, ಬೀಡಿಯೂ ವಾಪಸು ಇಲ್ಲ. ಕೊಟ್ಟ ಎಲೆ ಕಡಿಮೆ ಬಿದ್ದರೂ ಸಾವಿರದ ಲೆಕ್ಕ ಮಾತ್ರ ತುಂಬಲೇಬೇಕು. ಹೀಗೆ ದುಡಿದ ದುಡ್ಡಿನಲ್ಲಿ ಅಕ್ಕ ತನ್ನ ಮದುವೆಯ ಚಿನ್ನ ಮಾಡಿಸಿದಳು. ವರ್ಷ ತುಂಬುವುದರೊಳಗೆ ಅದು ಗಂಡನ ಮನೆಯ ಸಾಲಕ್ಕೆ ಹೋಯಿತು. ‘ಇನ್ನಷ್ಟು ತಾ’ ಎಂಬ ಹೊಡೆತ ಶುರುವಾಯಿತು. ಅಕ್ಕ ಮತ್ತೆ ಗೆರಸೆ ಹಿಡಿದಳು.

ದುಡಿದವಳು ಅವಳೇ, ಕೊಟ್ಟವಳೂ ಅವಳೇ, ಪೆಟ್ಟು ತಿಂದವಳೂ ಅವಳೇ. ಬ್ರಾಂಚಿನಲ್ಲಿ ಆದದ್ದು ಬೇರೆ, ಮನೆಯಲ್ಲಿ ಆದದ್ದು ಬೇರೆ ಎಂದು ನಾನು ಬಹಳ ಕಾಲ ತಿಳಿದಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ. ಎರಡೂ ಕಡೆ ಅವಳ ದುಡಿಮೆಯ ಲೆಕ್ಕ ಬೇರೆಯವರ ಕೈಯಲ್ಲಿತ್ತು.

ಬಂಡವಾಳಶಾಹಿ, ಸಮಾಜವಾದ ಎಂದರೆ ನಮ್ಮ ಸಂಘದ ಹೆಂಗಸರು ‘ಅದೆಲ್ಲ ಓದಿದವರ ಮಾತು’ ಎನ್ನುತ್ತಾರೆ. ಆದರೆ ಪ್ರಶ್ನೆ ಸರಳವಾದದ್ದು. ದುಡಿಮೆಯ ಲಾಭ ಹಣ ಹಾಕಿದವನಿಗೋ, ಮೈಮುರಿದು ದುಡಿದವಳಿಗೋ? ಈ ಪ್ರಶ್ನೆಗೆ ನಮ್ಮ ಪಕ್ಕದ ಕಣ್ಣೂರಿನಲ್ಲಿ ಬೀಡಿ ಕಾರ್ಮಿಕರೇ ಒಂದು ಉತ್ತರ ಹುಡುಕಿದ್ದರು.

ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಬಂದದ್ದು 1966ರಲ್ಲಿ. ವಾರದ ರಜೆ, ಕೆಲಸದ ಹೊತ್ತಿಗೆ ಮಿತಿ, ಹೆರಿಗೆ ಸೌಲಭ್ಯ ಎಲ್ಲ ಅದರಲ್ಲಿತ್ತು. ಮನೆಯಲ್ಲಿ ಕೂತು ಬೀಡಿ ಕಟ್ಟುವವಳನ್ನೂ ಅದು ಕಾರ್ಮಿಕಳೆಂದು ಒಪ್ಪಿತ್ತು. 1968ರಲ್ಲಿ ಕೇರಳ ಸರ್ಕಾರ ಇದನ್ನು ಜಾರಿಗೆ ತರಲು ಹೊರಟಾಗ, ನಮ್ಮ ಮಂಗಳೂರು ಮೂಲದ ಮಾಲೀಕರು ಕಣ್ಣೂರಿನ ಕೆಲಸವನ್ನೇ ನಿಲ್ಲಿಸಿದರು. ಸುಮಾರು 12,000 ಕಾರ್ಮಿಕರು ಬೀದಿಗೆ ಬಿದ್ದರು. 1969ರಲ್ಲಿ ಆ ಕಾರ್ಮಿಕರು ಸೇರಿ ಕೇರಳ ದಿನೇಶ್ ಬೀಡಿ ಸಹಕಾರ ಸಂಘ ಕಟ್ಟಿದರು. ಷೇರು ಹಣಕ್ಕೆ ಸರ್ಕಾರ ಸಾಲ ಕೊಟ್ಟಿತು, ಕಾರ್ಮಿಕರು ಕೂಲಿಯಿಂದಲೇ ತೀರಿಸಿದರು. ತಾವೇ ಮಾಲೀಕರು, ತಾವೇ ಕೆಲಸಗಾರರು. ಭವಿಷ್ಯ ನಿಧಿ, ರಜೆ, ಹೆರಿಗೆ ಭತ್ಯೆ ಕೈಗೆ ಸಿಕ್ಕಿತು. ಎಲ್ಲರೂ ಒಂದೇ ಸೂರಿನಡಿ ಕೂತು ಬೀಡಿ ಕಟ್ಟುವಾಗ ಒಬ್ಬರು ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದರು. ಓದುವವರ ಪಾಲಿನ ಬೀಡಿಯನ್ನು ಉಳಿದವರು ಕಟ್ಟಿಕೊಡುತ್ತಿದ್ದರು.

ಒಂದೇ ಸೂರು ಎಂಬುದು ಸಣ್ಣ ಮಾತಲ್ಲ. ಮನೆಯ ಮೂಲೆಯಲ್ಲಿ ಒಬ್ಬಳೇ ಕೂತು ಕಟ್ಟುವವಳ ಮುಖದ ಬಾವು ಯಾರಿಗೂ ಕಾಣುವುದಿಲ್ಲ. ನೂರು ಜನರ ನಡುವೆ ಕೂತವಳನ್ನು ಪಕ್ಕದವಳು ‘ಏನಾಯಿತೇ?’ ಎಂದು ಕೇಳಿಯೇ ಕೇಳುತ್ತಾಳೆ.

ಹಾಗೆಂದು ಅಲ್ಲಿ ಎಲ್ಲವೂ ಸರಿಯಾಯಿತೇ? ಇಲ್ಲ. ಕಡಿಮೆ ಕೂಲಿಗೆ ಕಟ್ಟಿಸಿದ ಹೊರಗಿನ ಅಗ್ಗದ ಬೀಡಿ ಅವರ ಮಾರುಕಟ್ಟೆಗೆ ಪೆಟ್ಟು ಕೊಟ್ಟಿತು. ನನ್ನ ಅಮ್ಮನಂಥವರ ಕಡಿಮೆ ಕೂಲಿಯೇ ಕಣ್ಣೂರಿನ ಅಕ್ಕತಂಗಿಯರ ಅನ್ನಕ್ಕೆ ಕುತ್ತಾಯಿತಲ್ಲ ಎಂದು ನನಗೆ ಇಂದಿಗೂ ಸಂಕಟ. ಬೀಡಿ ಸೇದುವುದೂ ಕಡಿಮೆಯಾಯಿತು, ಆಗಬೇಕಾದದ್ದೇ. ಸಂಘ ಕೊಡೆ, ಆಹಾರ ಪದಾರ್ಥಗಳ ಕಡೆ ತಿರುಗಿತು. ಆದರೂ ಮೊದಲಿನಷ್ಟು ಜನರಿಗೆ ಕೆಲಸ ಉಳಿಯಲಿಲ್ಲ. ಹೆಂಗಸರು ಹೆಚ್ಚಿದ್ದರೂ ಆಡಳಿತದ ಕುರ್ಚಿಯಲ್ಲಿ ಬಹುಪಾಲು ಗಂಡಸರೇ ಕೂತರು. ಭೂಸುಧಾರಣೆ ಕಂಡ, ಊರೂರಿಗೆ ಶಾಲೆ ಆಸ್ಪತ್ರೆ ಕಂಡ ಕೇರಳದಲ್ಲೂ ವರದಕ್ಷಿಣೆ ಹೋಗಲಿಲ್ಲ. 2021ರಲ್ಲಿ ಅಲ್ಲಿನ ವರದಕ್ಷಿಣೆ ಸಾವುಗಳು ಇಡೀ ದೇಶಕ್ಕೆ ಸುದ್ದಿಯಾದವು.

ಆದ್ದರಿಂದ ನಾನು ಹೇಳುವುದು ಇಷ್ಟೇ. ದುಡಿಮೆಯ ಒಡೆತನ ನಮ್ಮದಾಗದೆ ನಮಗೆ ಬಿಡುಗಡೆ ಇಲ್ಲ. ಆದರೆ ಅದೊಂದರಿಂದಲೇ ಮನೆಯೊಳಗಿನ ಯಜಮಾನಿಕೆ ತಾನಾಗಿ ಕರಗುವುದೂ ಇಲ್ಲ. ಎರಡು ಹೋರಾಟವನ್ನೂ ಒಟ್ಟಿಗೇ ಮಾಡಬೇಕು.

ನಮ್ಮ ಸಂಘಗಳನ್ನೇ ನೋಡಿ. ವಾರವಾರ ಉಳಿಸುತ್ತೇವೆ, ಸಾಲ ಪಡೆಯುತ್ತೇವೆ, ಕಂತು ಕಟ್ಟುತ್ತೇವೆ. ಆ ಸಾಲದಲ್ಲಿ ಎಷ್ಟು ಮಗಳ ಮದುವೆಯ ಚಿನ್ನಕ್ಕೆ ಹೋಯಿತು? 1961ರಿಂದ ಕಾನೂನು ಬೇಡವೆಂದ ವರದಕ್ಷಿಣೆಗೆ ನಮ್ಮ ಸಂಘವೇ ಬಡ್ಡಿಗೆ ಹಣ ಒದಗಿಸುತ್ತಿದೆಯೇ? ಅದೇ ಹಣದಲ್ಲಿ ಹತ್ತು ಜನ ಸೇರಿ ಒಂದು ಹಿಟ್ಟಿನ ಗಿರಣಿ, ನಾಲ್ಕು ಹೊಲಿಗೆ ಯಂತ್ರ ಕೊಂಡರೆ ಅದರ ಲಾಭ ಯಾರದ್ದು?

ಮುಂದಿನ ಸಭೆಯಲ್ಲಿ ಲೆಕ್ಕದ ಪುಸ್ತಕವನ್ನು ಒಬ್ಬರು ಗಟ್ಟಿಯಾಗಿ ಓದಿ, ಉಳಿದವರು ಕೇಳಿ. ಸಾಲ ಯಾವುದಕ್ಕೆ ಹೋಯಿತೆಂದು ಒಂದೊಂದಾಗಿ ನೋಡಿ. ಸಭೆಗೆ ಬಾರದವಳ ಮನೆಗೆ ಇಬ್ಬರು ಹೋಗಿ ಬನ್ನಿ, ಕಂತು ಕೇಳಲು ಅಲ್ಲ, ಅವಳು ಹೇಗಿದ್ದಾಳೆಂದು ಕೇಳಲು. ಏನು ಕಂಡಿರೆಂದು ನಮಗೆ ಬರೆಯಿರಿ.