ಪದರ ಪದರವಾಗಿ ಬೆಳಕು

ಬೆಳಕು ಸಾಲದಾದರೆ ಬತ್ತಿಯನ್ನು ಏರಿಸುವುದು ಲೋಕದ ರೂಢಿ. ಆಗ ಎಣ್ಣೆಯೂ ಬೇಗನೆ ತೀರುವುದು. ಈಗಿನ ಅನೇಕ ಮೊಬೈಲುಗಳ ತೆರೆಯಲ್ಲಿರುವ ಓಎಲ್‌ಇಡಿ ದೀಪಗಳ ಬೆಳಕಾದರೋ ಪದರಗಳ ಆಯ್ಕೆಯಿಂದ ಹೆಚ್ಚಿತೆಂಬುದನ್ನು ಈ ಸಲ ವಾಚಕರ ಮುಂದಿಡುವೆವು.

ಇಂಗಾಲದ ಕೆಲವು ಸಂಯುಕ್ತಗಳು ವಿದ್ಯುತ್ತು ಹರಿದೊಡನೆ ಬೆಳಗುವುವು. 1963ರಲ್ಲಿ ನ್ಯೂಯಾರ್ಕಿನ ಮಾರ್ಟಿನ್ ಪೋಪ್ ಮತ್ತು ಅವರ ಸಂಗಡಿಗರು ಆಂಥ್ರಸೀನಿನ ಹರಳನ್ನು ಹೀಗೆ ಬೆಳಗಿಸಿದರು. ಅದಕ್ಕೆ ನೂರಾರು ವೋಲ್ಟು ಬೇಕಾಯಿತು.

1987ರಲ್ಲಿ ಕೊಡಕ್ ಸಂಸ್ಥೆಯ ಚಿಂಗ್ ಟ್ಯಾಂಗ್, ಸ್ಟೀವನ್ ವ್ಯಾನ್ ಸ್ಲೈಕ್ ಎಂಬ ವಿದ್ವಾಂಸರು ಎರಡು ಬಗೆಯ ವಸ್ತುಗಳನ್ನು ಅತಿ ತೆಳುವಾದ ಪದರಗಳಾಗಿ ಒಂದರ ಮೇಲೊಂದು ಕೂಡಿಸಿದರು. ಒಂದು ಪದರದ ಕೆಲಸ ಧನಾವೇಶವನ್ನು ಸಾಗಿಸುವುದು. ಅಲ್ಯುಮಿನಿಯಮಿನ ಸಂಯುಕ್ತದಿಂದಾದ ಇನ್ನೊಂದರ ಕೆಲಸ ಋಣಾವೇಶವನ್ನು ತರುವುದು. ಪದರಗಳು ಕೂಡುವೆಡೆಯಲ್ಲಿ ಈ ಆವೇಶಗಳು ಸಂಧಿಸಿ ಬೆಳಕಾಗುವುವು. ಒಂದನ್ನೊಂದು ಸೇರದೆ ದಾಟಿಹೋಗಿ ವ್ಯರ್ಥವಾಗುವುದು ಬಹಳ ಮಟ್ಟಿಗೆ ತಪ್ಪಿತು. 10 ವೋಲ್ಟಿಗಿಂತ ಕಡಮೆಯೇ ಸಾಕಾಯಿತು.

ಆದರೂ ಹೀಗೆ ಸೇರಿದ ನಾಲ್ಕು ಜೋಡಿಗಳಲ್ಲಿ ಸುಮಾರು ಒಂದರಿಂದ ಮಾತ್ರವೇ ಬೆಳಕು ದೊರೆಯಬಹುದಾಗಿತ್ತು. 1998ರಲ್ಲಿ ಅಮೆರಿಕದ ಫಾರೆಸ್ಟ್, ಥಾಂಪ್ಸನ್ ಮೊದಲಾದವರು ಬೆಳಗುವ ಪದರದಲ್ಲಿ ಪ್ಲಾಟಿನಮಿನ ಸಂಯುಕ್ತವನ್ನು ಬೆರಸಿ, ಉಳಿದ ಮೂರರಿಂದಲೂ ಬೆಳಕನ್ನು ಪಡೆಯುವ ಮಾರ್ಗವನ್ನು ತೋರಿದರು. ತರುವಾಯ ಇರಿಡಿಯಮ್ಮಿನ ಸಂಯುಕ್ತಗಳು ಆ ಸ್ಥಾನಕ್ಕೆ ಬಂದುವು.

ನೀಲಿ ಬೆಳಕನ್ನು ಕೊಡುವ ವಸ್ತುವು ಮಾತ್ರ ಇಂದಿಗೂ ಕೆಂಪು ಹಸಿರುಗಳವುಗಳಿಗಿಂತ ಬೇಗನೆ ಸವೆಯುವುದು. ಪ್ರಖರತೆ ಹೆಚ್ಚಿದಷ್ಟೂ ಸವೆತವೂ ಹೆಚ್ಚು. ಆದುದರಿಂದ ಇಂತಹ ತೆರೆಯ ಮೇಲೆ ಒಂದೇ ಚಿತ್ರವನ್ನು ದೀರ್ಘಕಾಲ ಪ್ರಖರವಾಗಿ ನಿಲ್ಲಿಸಬಾರದೆಂದು ಗೃಹಸ್ಥರಲ್ಲಿ ನಮ್ಮ ಬಿನ್ನಹ.